ಎದುರುಮನೆಯ ಗ್ಯಾರೇಜೂ ನಮ್ಮ ದೊಡ್ಡಪ್ಪನ ಅಂಚೆ ಮತವೂ

ಭೂಮಿಯ ಮೇಲೆ ನಮ್ಮ ದೊಡ್ಡಪ್ಪನಷ್ಟು ಶ್ರದ್ಧೆಯಿಂದ ಮತ ಹಾಕುವವರು ಇನ್ನೊಬ್ಬರಿಲ್ಲ. ಮತಗಟ್ಟೆಗೆ ಮಾತ್ರ ಅವರು ಕಾಲಿಟ್ಟವರಲ್ಲ! ಮತಗಟ್ಟೆಯೇನು ದೂರವಿತ್ತೇ? ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಅವರ ಎದುರುಮನೆಯ ಗ್ಯಾರೇಜೇ ಮತಗಟ್ಟೆ. ಚುನಾವಣೆಯ ದಿನ ಆ ಮನೆಯವರು ಕಾರನ್ನು ಬೀದಿಗೆ ನೂಕಿ, ಒಳಗೆ ಮೇಜು ಹಾಕಿ, ಹೊರಗೊಂದು ಧ್ವಜ ಸಿಕ್ಕಿಸುತ್ತಿದ್ದರು. ನಮ್ಮ ದೊಡ್ಡಪ್ಪ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕಾಫಿ ಹೀರುತ್ತಾ, ಸಾಲಿನಲ್ಲಿ ನಿಂತವರನ್ನು ಕಂಡು ಮರುಗುತ್ತಿದ್ದರು. ಅವರ ಮತ ಎಂದೋ ಅಂಚೆ ಹತ್ತಿ ಹೋಗಿರುತ್ತಿತ್ತು.

"ಅಲ್ಲ ದೊಡ್ಡಪ್ಪ, ರಸ್ತೆ ದಾಟಿದರೆ ಆಯ್ತಲ್ಲ?" ಎಂದು ನಾನು ಕೇಳಿದರೆ, "ಎಂತ ಮಾರಾಯ್ತಿ! ಕಾರಣ ಸಹ ಕೇಳದೆ ಮನೆಬಾಗಿಲಿಗೆ ಮತಪತ್ರ ಕಳಿಸ್ತಾರೆ. ಬೇಡ ಅಂದರೆ ಅವರಿಗೆ ಬೇಜಾರಾಗುವುದಿಲ್ವಾ?" ಎನ್ನುತ್ತಿದ್ದರು.

ಕಾರಣ ಕೇಳುವುದಿಲ್ಲ ಎಂದು ಹೇಳುತ್ತಿದ್ದರೇ ಹೊರತು, ಕಾರಣ ಕೊಡದೆ ಇರುವುದು ಅವರಿಂದ ಸಾಧ್ಯವಿರಲಿಲ್ಲ. ಉಡುಪಿಯ ತಾಲೂಕು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಮಗಳು ಕರೆಸಿಕೊಂಡಳೆಂದು ಅಮೆರಿಕಕ್ಕೆ ಬಂದರೂ ಕೈ ಕೇಳಬೇಕಲ್ಲ? ಪ್ರತಿ ಸಲವೂ ಅಂಚೆ ಮತದ ಅರ್ಜಿಗೆ ರಜೆಚೀಟಿಯಂಥ ಪತ್ರವೊಂದನ್ನು ಪಿನ್ ಮಾಡುತ್ತಿದ್ದರು. 'ನನಗೆ ಸೊಂಟನೋವು ಇರುವುದರಿಂದ, ದಯಾಳುಗಳಾದ ತಾವು ಎದುರುಮನೆಗೆ ಹೋಗುವುದರಿಂದ ವಿನಾಯಿತಿ ನೀಡಬೇಕಾಗಿ ಪ್ರಾರ್ಥನೆ.' ಒಮ್ಮೆ ಸೊಂಟ, ಒಮ್ಮೆ ಮೊಣಕಾಲು, ಇನ್ನೊಮ್ಮೆ ಶೀತ. ಕೌಂಟಿಯ ಚುನಾವಣಾ ಕಚೇರಿಯವರ ದೃಷ್ಟಿಯಲ್ಲಿ ಈ ಮನುಷ್ಯ ಇನ್ನೂ ಬದುಕಿರುವುದೇ ಒಂದು ಪವಾಡ!

ನಾನಾಗ ಲಾಸ್ ಏಂಜಲೀಸ್ ಕಡೆಯ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದೆ. ವಾರದ ಕೊನೆಗೆ ಹಳೇ ಕಾರೊಂದನ್ನು ಬೈದುಕೊಂಡು, ಮುದ್ದಿಸಿಕೊಂಡು ಡ್ರೈವ್ ಮಾಡಿ ಮೀರಾ ಮೆಸಾ ಸೇರಿದರೆ ದೊಡ್ಡಮ್ಮನ ಕೈಯ ನೀರುದೋಸೆ. ಅದಕ್ಕೆ ನಾನು ತೆರುತ್ತಿದ್ದ ಸುಂಕವೆಂದರೆ ದೊಡ್ಡಪ್ಪನ ನಿಯಮಪಾರಾಯಣ. ಆ ವರ್ಷಗಳಲ್ಲಿ ರಾಜ್ಯದವರು ಅಂಚೆ ಮತದ ನಿಯಮಗಳನ್ನು ಆಗಾಗ ತಿದ್ದುತ್ತಿದ್ದರು. ಊರಿನಲ್ಲಿ ಬೇರೆ ಯಾರಿಗೂ ಗೊತ್ತಾಗದ ತಿದ್ದುಪಡಿ ದೊಡ್ಡಪ್ಪನಿಗೆ ಮೊದಲು ಗೊತ್ತಾಗುತ್ತಿತ್ತು.

ಕಾಯಿಲೆಯವರ ಮತದ ಲಕೋಟೆಯನ್ನು ಗಂಡ, ಹೆಂಡತಿ, ಮಕ್ಕಳು ಹೀಗೆ ಹತ್ತಿರದ ನೆಂಟರು ಮಾತ್ರ ತಂದುಕೊಡಬಹುದು ಎಂದು ಒಂದು ನಿಯಮವಿತ್ತು. ಸ್ವಂತ ಮಗಳು ಆಗಲೇ ದೇಶದ ಇನ್ನೊಂದು ತುದಿಗೆ ಹೋಗಿ ನೆಲೆಸಿದ್ದಳು. ದೊಡ್ಡಪ್ಪ ನನ್ನೆದುರೇ ಕಚೇರಿಗೆ ಫೋನ್ ಮಾಡಿ, ನಾನು ಅವರ ಮಗಳೆಂದು ಪರಿಚಯಿಸಿದರು. "ಹೆಂಡತಿಯ ತಂಗಿಯ ಮಗಳು, ಅಂದರೆ ಮಗಳೇ" ಎಂದು ವಿವರಿಸಿದರು. ಆ ಕಡೆಯವರು ಒಪ್ಪಲಿಲ್ಲ. ಫೋನಿಟ್ಟ ದೊಡ್ಡಪ್ಪನ ಮುಖ ಕೆಂಪಗಾಗಿತ್ತು.

"ನೀನು ಮಗಳಲ್ಲವಂತೆ! ಯಾರೋ ನೀಸ್ ಅಂತೆ! ಇವರಿಗೆ ಸಂಬಂಧ ಗೊತ್ತುಂಟಾ?"

ಆಮೇಲೆ ಒಂದೇ ಮನೆಯಲ್ಲಿರುವವರೂ ತರಬಹುದೆಂದು ನಿಯಮ ಸಡಿಲವಾಯಿತು. ಅಂದು ದೊಡ್ಡಪ್ಪ ನಾರ್ತ್‌ರಿಜ್‌ಗೆ ಫೋನ್ ಮಾಡಿದ ಸಂಭ್ರಮ ಏನು ಹೇಳಲಿ! "ಶನಿವಾರ ನೀನು ಇಲ್ಲೇ ಮಲಗುವುದಲ್ವಾ? ನಿನ್ನ ಚಾಪೆ ಇಲ್ಲೇ ಉಂಟು. ಒಂದೇ ಮನೆ ಆಯ್ತು!" ಎಂದರು. ಚಾಪೆಯ ಆಧಾರದ ಮೇಲೆ ನನಗೆ ಕ್ಯಾಲಿಫೋರ್ನಿಯಾದಲ್ಲಿ ಎರಡನೇ ಮನೆ ಸಿಕ್ಕಿತು.

ಇನ್ನು ಅವರು ಮತ ಹಾಕುವ ವೈಭವ! ಆಗ ಕಾರ್ಡಿನಲ್ಲಿ ತೂತು ಹೊಡೆಯುವ ಪದ್ಧತಿ. ಅದಕ್ಕೊಂದು ಚುಚ್ಚುಕಡ್ಡಿಯೂ ಬರುತ್ತಿತ್ತು. ದೊಡ್ಡಪ್ಪ ಸ್ನಾನ ಮಾಡಿ, ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚುಚ್ಚುತ್ತಿದ್ದರು. ಬಳಿಕ ಕಾರ್ಡನ್ನು ಬಿಸಿಲಿಗೆ ಹಿಡಿದು, ಎಲ್ಲಾದರೂ ಕಾಗದದ ಚೂರು ನೇತಾಡುತ್ತಿದೆಯೇ ಎಂದು ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕುತ್ತಿದ್ದರು. ಕೊನೆಗೆ ಲಕೋಟೆಯ ನಾಲ್ಕೂ ಮೂಲೆಗೆ ಅರಿಶಿನ! ಶುಭಕಾರ್ಯದ ಕಾಗದಕ್ಕೆ ಅರಿಶಿನ ಇಲ್ಲದಿದ್ದರೆ ಹೇಗೆ? ಲಕೋಟೆ ತೆರೆಯುವವರು ಇದು ಸಾಸಿವೆ ಸಾಸೋ ಏನೋ ಎಂದು ಮೂಸಿ ನೋಡಿರಬೇಕು ಪಾಪ.

ದೊಡ್ಡಮ್ಮ ಈ ಅವತಾರಗಳನ್ನೆಲ್ಲ ನೋಡಿ ನಗುತ್ತಿದ್ದರು. ಅವರು ಇನ್ನೂ ಪೌರತ್ವ ತೆಗೆದುಕೊಂಡಿರಲಿಲ್ಲ. ಊರಲ್ಲಿ ಟೀಚರ್ ಆಗಿದ್ದವರು. ಪುಸ್ತಕ ಪೂರ್ತಿ ಬಾಯಿಪಾಠವಾಗದೆ ಪೌರತ್ವದ ಪರೀಕ್ಷೆಗೆ ಕೂರುವುದಿಲ್ಲವೆಂದು ಹಟ. ಕೊನೆಗೆ ಕೂತರು, ಪಾಸಾದರು, ಮತದಾರರ ಪಟ್ಟಿಗೆ ಹೆಸರೂ ಸೇರಿತು. ನೋಂದಣಿ ಅರ್ಜಿಗೆ ರಂಗೋಲಿ ಬಿಟ್ಟ ಹಾಗೆ ಗುಂಡಗೆ ಕನ್ನಡದಲ್ಲೇ 'ವನಜ' ಎಂದು ಸಹಿ ಹಾಕಿದ್ದರು. ಮೊದಲ ಮತಕ್ಕೆ ಯಾವ ಸೀರೆ ಉಡುವುದೆಂದೂ ತೀರ್ಮಾನವಾಗಿತ್ತು.

ಆ ಬೇಸಿಗೆಯಲ್ಲಿ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು. ಬಲಗೈ ಹೋಯಿತು.

ಚುನಾವಣೆ ಹತ್ತಿರ ಬಂತು. ಲಕೋಟೆಯ ಮೇಲಿನ ಸಹಿ ಪಟ್ಟಿಯಲ್ಲಿರುವ ಸಹಿಗೆ ಹೋಲಬೇಕು, ಹೋಲದಿದ್ದರೆ ಮತ ಲೆಕ್ಕಕ್ಕಿಲ್ಲ. ದೊಡ್ಡಪ್ಪ ನಿಯಮ ತೆಗೆದು ಗೆದ್ದವರಂತೆ ಓದಿದರು: "ಕೈಲಾಗದವರು ಒಂದು ಗುರುತು ಹಾಕಿದರೆ ಸಾಕು. ಸಾಕ್ಷಿಗೆ ಒಬ್ಬರು ಇದ್ದರಾಯ್ತು."

"ಗುರುತು ಅಂದರೆ ಹೆಬ್ಬೆಟ್ಟಾ?" ಎಂದರು ದೊಡ್ಡಮ್ಮ.

"ಹೆಬ್ಬೆಟ್ಟೇ ಅಂತಲ್ಲ, ಅಡ್ಡಗೆರೆ..."

"ಎರಡೂ ಒಂದೇ ಮಾರಾಯ್ರೆ. ಬೀಡಿ ಕಟ್ಟುವ ಹೆಂಗಸರನ್ನು ಸಂಜೆ ಕೂರಿಸಿ, ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿದವಳು ನಾನು. ಈಗ ನಾನೇ ಒತ್ತುವುದಾ? ನನಗೆ ಮತವೂ ಬೇಡ, ಎಂತದೂ ಬೇಡ." ಗೋಡೆಯ ಕಡೆ ಮುಖ ತಿರುಗಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ದೊಡ್ಡಪ್ಪ ನಿಯಮದ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೊರಗೆ ನಡೆದರು.

ಆದರೆ ಹೆಡ್ ಕ್ಲರ್ಕ್ ಸುಮ್ಮನೆ ಕೂರುವ ಜಾತಿಯೇ? ಮರುದಿನವೇ ದಾರಿ ಹುಡುಕಿದ್ದರು. ಗಡುವಿನೊಳಗೆ ಹೊಸದಾಗಿ ನೋಂದಣಿ ಮಾಡಿಸಿದರೆ ಹೊಸ ಸಹಿಯೇ ದಾಖಲೆಯ ಸಹಿ. ಅದು ಎಡಗೈಯದ್ದಾದರೂ ಸರಿ! ಹರಿವಾಣದಲ್ಲಿ ಅಕ್ಕಿ ಹರಡಿ ದೊಡ್ಡಮ್ಮನ ಮುಂದಿಟ್ಟು, ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಂತೆ ಅವರ ಎಡಗೈ ಬೆರಳು ಹಿಡಿದರು.

"ಹಾಗೆ ಎಳೆಯುವುದಲ್ಲ, ಬಿಡಿ! ಇಷ್ಟು ಕೆಟ್ಟ ಮೇಷ್ಟ್ರನ್ನು ನಾನು ನೋಡಲಿಲ್ಲ" ಎಂದು ದೊಡ್ಡಮ್ಮ ಗದರಿದರು. ಗದರಿದರೆಂದರೆ ಅರ್ಧ ಗುಣವಾದ ಹಾಗೆ! ಸೋನಾ ಮಸೂರಿ ಮನೆ ತುಂಬಾ ಚೆಲ್ಲಿತು. 'ವ' ಕೂತಿತು, 'ನ' ಕೂತಿತು, 'ಜ' ಮಾತ್ರ ದಿನಾ ಬೇರೆ ಬೇರೆ ಕಡೆ ವಾಲುತ್ತಿತ್ತು. ಅಕ್ಕಿಯಿಂದ ಕಾಗದಕ್ಕೆ ಬಂದು, ಗಡುವಿನೊಳಗೆ ನೋಂದಣಿಯೂ ಆಯಿತು. ಮತಪತ್ರ ಬಂದಾಗ ದೊಡ್ಡಮ್ಮ ಆರಿಸಿಟ್ಟಿದ್ದ ಸೀರೆಯುಟ್ಟು, ನಮ್ಮನ್ನು ಹೊರಗಟ್ಟಿ ಎಡಗೈಯಲ್ಲೇ ಚುಚ್ಚಿದರು. ಲಕೋಟೆಗೆ ಅರಿಶಿನ ಹಚ್ಚಲು ಬಂದ ದೊಡ್ಡಪ್ಪನಿಗೆ, "ಸಹಿಯ ಹತ್ತಿರ ಕೈ ಹಾಕಿದರೆ ಜಾಗ್ರತೆ" ಎಂದರು.

ಲಕೋಟೆ ಅಂಚೆಗೆ ಬಿದ್ದರೂ ದೊಡ್ಡಪ್ಪನಿಗೆ ನೆಮ್ಮದಿ ಎಲ್ಲಿಯದು? 'ಜ' ವಾಲಿದ್ದು ಕಣ್ಣಿಗೆ ಕಟ್ಟುತ್ತಿತ್ತಂತೆ. ಚುನಾವಣೆಗೆ ಮುಂಚೆಯೇ ಲಕೋಟೆಗಳ ಸಹಿ ತಾಳೆ ನೋಡುತ್ತಾರೆಂದು ಗೊತ್ತಿತ್ತಲ್ಲ, ಇಬ್ಬರನ್ನೂ ನನ್ನ ಕಾರಿನಲ್ಲಿ ಕೂರಿಸಿಕೊಂಡು ಕಚೇರಿಗೇ ಹೊರಟೆ. ದೊಡ್ಡಮ್ಮ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೇ ಉಳಿದರು. ತಮಗೇನೂ ಆತಂಕವಿಲ್ಲವೆಂದು ತೋರಿಸಲು ಕಣ್ಣು ಮುಚ್ಚಿದ್ದರು, ಎಡಗೈ ಮಾತ್ರ ಸೆರಗನ್ನು ಬಿಗಿಯಾಗಿ ಹಿಡಿದಿತ್ತು.

ಹಳದಿ ಮೂಲೆಯ ಲಕೋಟೆಯೆಂದು ನಾವು ಹೇಳಿದ ಕೂಡಲೇ ಕೌಂಟರಿನ ಹೆಂಗಸು ನಕ್ಕುಬಿಟ್ಟಳು. ಈ ಬರಹ ಯಾವ ಕಡೆಯಿಂದ ಓದಬೇಕೋ ತನಗೆ ತಿಳಿಯಲಿಲ್ಲ, ಆದರೆ ನೋಂದಣಿಯಲ್ಲೂ ಲಕೋಟೆಯಲ್ಲೂ ಕೊನೆಯ ಅಕ್ಷರ ಒಂದೇ ರೀತಿ ವಾಲಿದೆ, ಸಹಿ ಒಪ್ಪಿಗೆಯಾಗಿದೆ ಎಂದಳು.

ದೊಡ್ಡಪ್ಪ ಅವಳಿಗೆ ಕೈಮುಗಿದರು. ಸೊಂಟನೋವು, ಮೊಣಕಾಲುನೋವು ಎಲ್ಲ ಮರೆತು ಹೊರಗೆ ಓಡಿದರು. ನಾನು ಹಿಂದೆಯೇ ಓಡಿದೆ. ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ, ಅವರು ದೊಡ್ಡಮ್ಮನನ್ನು 'ಹೋಯ್' ಎಂದೋ 'ಇವಳೇ' ಎಂದೋ ಕರೆದವರೇ ಹೊರತು ಬೇರೆ ಮಾತಿಲ್ಲ. ಅಂದು ಆ ಪಾರ್ಕಿಂಗ್ ಲಾಟಿನ ನಡುವೆ, ಅಷ್ಟು ಕಾರುಗಳ ಆಚೆಯಿಂದಲೇ, ದೊಡ್ಡಪ್ಪ ಕೂಗಿದರು:

"ವನಜಾ! ನಿನ್ನ ಸಹಿ ಪಾಸಾಯ್ತು, ವನಜಾ!"

ದೊಡ್ಡಮ್ಮ ಕಣ್ಣು ತೆರೆದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಮೆಲ್ಲ ಮಾರಾಯ್ರೆ," ಎಂದರು. "ಹೆಸರು ಹಿಡಿದು ಕರೆಯುವುದಾ? ಯಾರಾದರೂ ಕೇಳಿಯಾರು."