ಅಳಿಯನಿಗೆ ನಾನು ಆರಿಸಿಕೊಟ್ಟ ಷೇರಿನ ಸೈಟು

ಓದು ಬಾರದವರಲ್ಲಿ ಒಂದು ಕೆಟ್ಟ ಚಾಳಿ ಇದೆ. ಬಾರದು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡಕ ತಂದಿಲ್ಲ ಎನ್ನುತ್ತಾರೆ. ನಾನು ಮೈಸೂರಿನಲ್ಲಿ ನಾಲ್ಕನೇ ಕ್ಲಾಸಿನ ತನಕ ಹೋದವಳು. ಕನ್ನಡ ಓದುತ್ತೇನೆ, ಅಂಕಿ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಅಕ್ಷರವನ್ನು ರಂಗೋಲಿ ನೋಡಿಕೊಂಡು ಬಿಟ್ಟ ಹಾಗೆ ನೋಡಿಕೊಂಡು ಬರೆಯಬಲ್ಲೆ, ಅರ್ಥ ಮಾತ್ರ ಆಗದು. ಕಡಲಾಚೆಯ ಊರು ಫಾರ್ಮಿಂಗ್ಟನ್ ಹಿಲ್ಸ್‌ನ ಮಗಳ ಮನೆಯಲ್ಲಿ ಹನ್ನೊಂದು ವರ್ಷ ಈ ಗುಟ್ಟನ್ನು ಕಾಪಾಡಿಕೊಂಡು ಬಂದೆ. ಒಮ್ಮೆ ನಿಂಬೆಹಣ್ಣಿನ ಚಿತ್ರ ನೋಡಿ ಶರಬತ್ತೆಂದು ತಂದದ್ದು ಪಾತ್ರೆ ತೊಳೆಯುವ ಸೋಪಾಗಿತ್ತು. ಪಾತ್ರೆಗೆಂದೇ ತಂದೆ ಎಂದುಬಿಟ್ಟೆ. ಅಂಥವಳು ನಾನು.

ಕಾರು ಕಂಪನಿಗಳಲ್ಲಿ ಎಲ್ಲರ ಕೆಲಸ ಹೋಗುತ್ತಿದ್ದ ಕಾಲ ಅದು. ಅಳಿಯ ಸುಧೀಂದ್ರ ಕಾರಿನ ಬಿಡಿಭಾಗ ಮಾಡುವ ಕಡೆ ಎಂಜಿನಿಯರ್. ಕೆಲಸ ಹೋದರೆ ಮನೆಯ ಕಂತು ಕಟ್ಟಲೆಂದು ಇಟ್ಟ ಹಣ ಷೇರಿನಲ್ಲಿತ್ತು. ಅದರ ಮೇಲೆ ಕಣ್ಣಿಡಲು ಇಂಟರ್ನೆಟ್ಟಿನಲ್ಲಿ ಎರಡು ಸೈಟು ಹುಡುಕಿದರು. ಎರಡೂ ಒಂದು ತಿಂಗಳು ಪುಕ್ಕಟೆ, ಆಮೇಲೆ ಒಂದನ್ನು ಆರಿಸಿ ದುಡ್ಡು ಕಟ್ಟಬೇಕು. ಒಂದರಲ್ಲಿ ಪ್ರತಿ ಕಂಪನಿಯ ಮೇಲೂ ಪುಟಗಟ್ಟಲೆ ಸಂಶೋಧನೆ. ಇನ್ನೊಂದರಲ್ಲಿ ಬರೀ ಲೆಕ್ಕ. ಮೊದಲನೆಯದಕ್ಕೆ ನಮ್ಮ ಷೇರುಗಳ ವಿವರವನ್ನು ತಾವೇ ತುಂಬಿದರು. "ಅತ್ತೆ, ಇದನ್ನ ನೋಡ್ಕೊಂಡು ಇನ್ನೊಂದಕ್ಕೆ ನೀವು ಟೈಪ್ ಮಾಡ್ಬಿಡ್ತೀರಾ? ದಿನಾ ಎರಡನ್ನೂ ಒಂದ್ಸಲ ನೋಡಿ. ಯಾವುದು ವಾಸಿ ಅಂತ ನೀವೇ ಹೇಳಿ," ಎಂದರು. "ಅದೇನು ಮಹಾ," ಎಂದೆ.

ಕೂತು ನೋಡಿದರೆ ಅವರು ತುಂಬಿದ್ದರಲ್ಲಿ ಪ್ರತಿ ಸಾಲಿನಲ್ಲೂ ಎರಡೆರಡು ಬೆಲೆ. ಯಾವುದು ಹಾಕಲಿ ಎಂದು ಕೇಳಬಹುದಿತ್ತು. ಕೇಳಿದರೆ ತಲೆಬರಹ ಓದಲು ಬಾರದೆಂದು ಬಯಲಾಗುತ್ತಿತ್ತು. ಒಂದು ಬೆಲೆ ಮಿಣುಕುತ್ತಿತ್ತು. ಜೀವ ಇರುವುದು ಇದಕ್ಕೇ ಎಂದು ಅದನ್ನೇ ತುಂಬಿದೆ.

ಮಾರನೆಯ ದಿನದಿಂದ ಅಳಿಯ ತುಂಬಿದ ಸೈಟು ಪೂರ್ತಿ ನಷ್ಟದ ಕೆಂಪು, ನಾನು ತುಂಬಿದ್ದರಲ್ಲಿ ಅಲ್ಲಲ್ಲಿ ಲಾಭದ ಹಸಿರು. ಒಂದೇ ಷೇರು, ಎರಡು ಬಣ್ಣ. ಒಬ್ಬ ಡಾಕ್ಟರು ಕಾಯಿಲೆ ಎಂದರೆ ಇನ್ನೊಬ್ಬರು ಏನೂ ಇಲ್ಲ ಎಂದ ಹಾಗೆ. ಸಂಜೆ ಅಳಿಯ ಶೂ ಬಿಚ್ಚುತ್ತಲೇ ಕೇಳುತ್ತಿದ್ದರು, "ನಂಬರ್ ಹೇಳ್ಬೇಡಿ ಅತ್ತೆ, ಎದೆ ಹೊಡ್ಕೊಳ್ಳುತ್ತೆ. ಕಲರ್ ಹೇಳಿ ಸಾಕು." ಹಸಿರು ಎನ್ನುತ್ತಿದ್ದೆ. ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ತಿಂಗಳು ಮುಗಿದಾಗ, "ಲೆಕ್ಕದ್ದೇ ಇರಲಿ, ಆ ಇನ್ನೊಂದು ಬರೀ ಮಾತಾಡುತ್ತೆ," ಎಂದೆ. ಅದಕ್ಕೇ ದುಡ್ಡು ಕಟ್ಟಿದರು. ಆಮೇಲೆ ಅದೂ ಕೆಂಪಾಯಿತು, ಆದರೆ ಸ್ವಲ್ಪ. ಸ್ವಲ್ಪ ಎಂದೇ ಹೇಳಿದೆ.

ಮಗಳು ವೀಣಾ ಅರ್ಧ ಷೇರು ಮಾರಿಬಿಡೋಣ ಎಂದಳು. "ಹಾಲು ಕೊಡೋ ಹಸೂನ ಯಾರಾದ್ರೂ ಮಾರ್ತಾರೇನೆ? ಸುಮ್ನಿರು," ಎಂದು ಬಾಯಿ ಮುಚ್ಚಿಸಿದೆ. ಪಕ್ಕದ ಊರು ನೋವೈಯ ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ, ನಮ್ಮ ಷೇರು ಅಷ್ಟೇನೂ ಬಿದ್ದಿಲ್ಲ ಎಂದು ಕೊಚ್ಚಿಕೊಂಡದ್ದೂ ಉಂಟು.

ಚಳಿಗಾಲದಲ್ಲಿ ಅಳಿಯನ ಕೆಲಸ ಹೋಯಿತು. ಷೇರು ಮಾರಿದರೆ ಕೈಗೆ ಬಂದದ್ದು ಹಾಕಿದ್ದರ ಅರ್ಧ. ವೀಣಾ ಸೈಟು ತೆರೆದು ಕೇಳಿದಳು, "ಅಮ್ಮ, ಈ ಕಾಲಮ್ಮಿಗೆ ಏನ್ ಹಾಕಿದೀಯ?"

"ಅವತ್ತಿನ ಬೆಲೆ."

"ನಾವು ಕೊಂಡ ಬೆಲೆ ಹಾಕ್ಬೇಕಿತ್ತಮ್ಮ. ಅಲ್ಲಿ ಬರ್ದಿದೆಯಲ್ಲ."

ನಾನು ತುಂಬುವ ಮೊದಲೇ ಆಗಿದ್ದ ನಷ್ಟವೆಲ್ಲ ಆ ಸೈಟಿಗೆ ಗೊತ್ತೇ ಇರಲಿಲ್ಲ. ಅಳಿಯ ಬೈಯಲಿಲ್ಲ. "ಬಿಡಿ ಅತ್ತೆ, ಇಂಗ್ಲಿಷ್‌ನಲ್ಲಿತ್ತು, ನಿಮಗೇನು ಗೊತ್ತಾಗ್ಬೇಕು," ಎಂದರು. ಬೈದಿದ್ದರೆ ವಾಸಿಯಿತ್ತು. ಹತ್ತಿರದಲ್ಲೇ ಕೆಲಸ ಸಿಗುವ ತನಕ ಕಾಯಲು ಕೈಯಲ್ಲಿ ಹಣವಿಲ್ಲದೆ ಅವರು ದೂರದ ಊರು ಓಕ್ ಬ್ರೂಕ್‌ನಲ್ಲಿ ಸಿಕ್ಕಿದ್ದನ್ನು ಒಪ್ಪಿಕೊಂಡರು. ಈಗ ಸೋಮವಾರ ಐದು ಗಂಟೆ ಡ್ರೈವ್ ಮಾಡಿ ಹೋಗುತ್ತಾರೆ, ಶುಕ್ರವಾರ ಐದು ಗಂಟೆ ಡ್ರೈವ್ ಮಾಡಿ ಬರುತ್ತಾರೆ. ಹೈವೇಯಲ್ಲಿ ಹಿಮ ಬಿದ್ದ ದಿನ ನನಗೆ ತುತ್ತು ಇಳಿಯುವುದಿಲ್ಲ.

ನಾಚಿಕೆ ಇಂಗ್ಲಿಷ್ ಬಾರದ್ದಕ್ಕಲ್ಲ. ಎರಡು ಸೈಟೂ ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಮೊದಲನೇ ವಾರವೇ ನನಗೆ ಗೊತ್ತಿತ್ತು. ಕೆಂಪಿನದನ್ನು ಬಾಯಿಗೆ ತರಲೇ ಇಲ್ಲ. ಅಳಿಯ ಇವತ್ತಿಗೂ ಅತ್ತೆಗೆ ತಿಳಿಯಲಿಲ್ಲ ಎಂದುಕೊಂಡಿದ್ದಾರೆ. ಅವರು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು, ಕನ್ನಡ ಮಾತಾಡುತ್ತಾರೆ, ಓದಲು ಬಾರದು; ಇಷ್ಟನ್ನು ಕನ್ನಡ ಪತ್ರಿಕೆಗೆ ಬರೆಯುವ ಧೈರ್ಯ ನನಗೆ ಬಂದದ್ದು ಅದರಿಂದಲೇ. ಮಗಳು ಮಾತ್ರ ಕನ್ನಡ ಓದುತ್ತಾಳೆ. ಈ ಪತ್ರಿಕೆ ಬರುವ ದಿನ ಟಪಾಲು ಪೆಟ್ಟಿಗೆಯ ಹತ್ತಿರ ಅವಳಿಗಿಂತ ಮೊದಲು ನಾನೇ ಹೋಗಬೇಕು.