ನೀರು ಕುಡಿಸಿದ ಸಿಂಹ

ಎಲ್ಲದಕ್ಕೂ ಮೂಲ ಬ್ರಹ್ಮಾವರದ ನವಿಲುಗಳು. ಕೃಷ್ಣಯ್ಯನವರ ಷಡ್ಡಕ ರಾಜೀವರಾಯರು ತಮ್ಮ ಮನೆಯ ಗೇಟಿನ ಕಂಬಗಳ ಮೇಲೆ ಸಿಮೆಂಟಿನ ನವಿಲು ಕೂರಿಸಿದ್ದರು. ಅವನ್ನು ನೋಡಿ ಬಂದ ದಿನದಿಂದ ಕೃಷ್ಣಯ್ಯನವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಷಡ್ಡಕನದು ನವಿಲಾದರೆ ತನ್ನದು ಸಿಂಹವೇ ಆಗಬೇಕೆಂದು ಹಟ ಹಿಡಿದರು.

ಆದರೆ ಅದು ಯುದ್ಧದ ಕಾಲ. ಸಕ್ಕರೆ, ಸೀಮೆಎಣ್ಣೆಗಳಂತೆ ಸಿಮೆಂಟೂ ಕಂಟ್ರೋಲಿನಲ್ಲಿತ್ತು. ಸಿಂಹ ಮಾಡಿಸುತ್ತೇನೆ ಎಂದರೆ ಯಾವ ಸರಕಾರ ಸಿಮೆಂಟು ಕೊಡುತ್ತದೆ? ಕುಂದಾಪುರದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಕೃಷ್ಣಯ್ಯನವರಿಗೆ ಅರ್ಜಿ ಬರೆಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಾವಿಕಟ್ಟೆ ಕುಸಿದಿದೆ ಎಂದು ಬರೆದು ಪರ್ಮಿಟ್ಟು ತಂದರು. ಬೊಂಬಾಯಿಯಲ್ಲಿ ಕೆಲಸ ಕಲಿತು ಬಂದಿದ್ದ ಶೀನ ಮೇಸ್ತ್ರಿಗೆ ಸಿಂಹದ ಕಂತ್ರಾಟು ಕೊಟ್ಟರು. ಸಿಕ್ಕಿದ ಸಿಮೆಂಟು ಒಂದು ಸಿಂಹಕ್ಕೂ ಸಾಲುವಂತಿರಲಿಲ್ಲ. ಅದಕ್ಕೆ ಶೀನ, ಹೊಟ್ಟೆಯ ಜಾಗದಲ್ಲಿ ಹಳೆಯ ಮಡಕೆಯೊಂದನ್ನಿಟ್ಟು, ಬೆನ್ನೆಲುಬಿನ ಬದಲಿಗೆ ಬಾಯಿಯಿಂದ ಬಾಲದವರೆಗೆ ಬಿದಿರಿನ ಕೊಳವೆ ತೂರಿಸಿ, ಮೇಲಿನಿಂದ ತೆಳ್ಳಗೆ ಸಿಮೆಂಟು ಮೆತ್ತಿದ.

ಕೋರ್ಟಿಗೆ ರಜೆಯಿದ್ದ ಒಂದು ದಿನ ಬೆಳಿಗ್ಗೆ ಗೋಣಿ ತೆಗೆದಾಗ, ಕೋಟದ ಬಸ್ಸಿನ ದಾರಿಗೆ ಮುಖ ಮಾಡಿ ಸಿಂಹ ಗೇಟಿನ ಪಕ್ಕದಲ್ಲಿ ಕೂತಿತ್ತು. ಕೃಷ್ಣಯ್ಯನವರ ಎದೆ ಉಬ್ಬಿತು. ಪಕ್ಕದ ಮನೆಯ ಮಂಜಯ್ಯ ಮಾವಿನೆಲೆಯಲ್ಲಿ ಹಲ್ಲುಜ್ಜುತ್ತಲೇ ಬಂದರು.

"ಇದ್ ಎಂತ ಮಾರಾಯ್ರೆ, ಬೆಕ್ಕಾ?"

"ಸಿಂಹ," ಎಂದರು ಕೃಷ್ಣಯ್ಯ, ಹಲ್ಲು ಕಚ್ಚಿ.

"ಸಿಂಹವಾ? ಬಾಯಿ ಕಳ್ದದ್ದ್ ಕಂಡ್ರೆ ಹಲ್ಲ್ ನೋವು ಬಂದಾಂಗ್ ಕಾಂತ್."

"ಅದ್ ಗರ್ಜನೆ ಅಯ್ಯ!" ಶೀನ ಮೇಸ್ತ್ರಿಗೆ ಕೋಪ ಬಂತು. "ಬೊಂಬಾಯಲ್ಲ್ ಎಲ್ಲಾ ಸಿಂಹವೂ ಹೀಂಗೇ ಕೂಕಂಬುದ್."

"ಅದಿರ್ಲಿ. ಈ ಕಾಲದಲ್ಲ್ ಸಿಮೆಂಟ್ ಎಲ್ಲಿಂದ ಸಿಕ್ತ್?"

"ಬಾವಿಕಟ್ಟೆಗೆ ತಂದದ್ರಲ್ಲ್ ಒಂಚೂರ್ ಉಳ್ದಿತ್ತ್," ಎಂದರು ಕೃಷ್ಣಯ್ಯ.

ಮಂಜಯ್ಯ ಕತ್ತು ಉದ್ದ ಮಾಡಿ ಬಾವಿಯ ಕಡೆ ನೋಡಿದರು. "ಬಾವಿಕಟ್ಟೆ ಮುಂಚೆ ಇದ್ದಾಂಗೇ ಇತ್ತಲ್ದಾ!" ಎಂದವರು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಬೀದಿಗೆಲ್ಲ ಕೇಳುತ್ತಿತ್ತು. "ಸಪ್ಲೈ ಆಫೀಸ್ರ್ ಈ ಬದಿಗೇ ತಿರ್ಗ್ತಿದ್ರ್ ಅಂಬ್ರ್. ಯಾರೋ ಒಬ್ಬ ಪರ್ಮಿಟ್ ಸಿಮೆಂಟಲ್ಲ್ ಅಂಗಳ ಮಾಡ್ಸಿದ್ದಕ್ಕೆ ಕೇಸ್ ಹಾಕಿರ್ ಅಂಬ್ರ್. ಸರಕಾರಿ ನೌಕ್ರಿ ಇಪ್ಪವ್ರಾರೆ ನೌಕ್ರಿಯೂ ಹೋತ್ ಅಂಬ್ರ್."

ತನ್ನ ಮೇಲಿನ ಕೇಸಿನ ಕಾಗದಗಳನ್ನು ತಾನೇ ಹೊಲಿದು ಮುನ್ಸೀಫರ ಮೇಜಿನ ಮೇಲಿಡುವ ದಿನ ಕೃಷ್ಣಯ್ಯನವರ ಕಣ್ಣೆದುರು ಬಂತು. ಮರ್ಯಾದೆ ಹೋಯಿತು, ಅನ್ನವೂ ಹೋಯಿತು.

"ಶೀನಾ, ಒಡ್ದ್ ಹಾಕ್ ಇದನ್ನ!"

"ಕೈಯಾರೆ ಮಾಡಿದ್ದನ್ನ ಒಡೂಕೆ ನನ್ನಿಂದ ಆತಿಲ್ಲೆ ಅಯ್ಯ. ಬೇಕಾರೆ ನೀವೇ ಒಡೀನಿ."

ಕೃಷ್ಣಯ್ಯ ಪಿಕ್ಕಾಸು ಎತ್ತಿದರು. ಬ್ರಹ್ಮಾವರದ ನವಿಲುಗಳು ನೆನಪಾಗಿ ಕೈ ಕೆಳಗಿಳಿಯಿತು. ಒಡೆಯುವ ಬದಲು ಬೈಹುಲ್ಲು ಹೊದೆಸಿ ಸಿಂಹವನ್ನು ಮುಚ್ಚಿದರು. ಮಂಜಯ್ಯನವರ ದನ ಬಂದು ಆ ಹುಲ್ಲನ್ನೆಲ್ಲ ತಿಂದು, ಸಾಲದೆಂದು ಸಿಂಹದ ಕಿವಿಯನ್ನೂ ನೆಕ್ಕಿತು. ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದ ಹೆಂಡತಿ ಸುಗಂಧಿಗೆ ಸಾಕಾಯಿತು.

"ನೀವ್ ಅತ್ಲಾಗೆ ಸರೀನಿ ಕಾಂಬ," ಎಂದು ಒಣಗಲು ಹಾಕಿದ್ದ ಸೀರೆಯನ್ನು ತಂದು ಸಿಂಹದ ತಲೆಯ ಮೇಲಿಂದ ಹೊದೆಸಿದಳು. ಈಗ ಅದು ಗೇಟಿನ ಬಳಿ ಮುಸುಕು ಹಾಕಿ ಕೂತ ಮುದುಕಿಯಂತೆ ಕಂಡಿತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತೇಬಿಟ್ಟರು.

"ಹ್ವಾಯ್ ಕೃಷ್ಣಯ್ಯ, ಬಂದವ್ರನ್ನ ಹೊರಗೆ ಕೂರ್ಸಿದ್ದ್ ಎಂತಕೆ? ಒಳಗೆ ಕರೀನಿ, ಪಾಪ!"

ಅಷ್ಟರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಬಂತು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಬಸ್ಸುಗಳು ಇದ್ದಲಿನಲ್ಲೇ ಓಡುತ್ತಿದ್ದವು, ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಇದೂ ಬುಸುಗುಟ್ಟುತ್ತ ಬಂದು ಸರಿಯಾಗಿ ಕೃಷ್ಣಯ್ಯನವರ ಮನೆಯೆದುರು ನಿಂತಿತು. ಹ್ಯಾಟು ಹಾಕಿದ ಒಬ್ಬರು ಇಳಿದು ನೆಟ್ಟಗೆ ಗೇಟಿನ ಕಡೆಗೇ ನಡೆದು ಬಂದರು.

"ಬಂದ್ರ್! ಅವ್ರೇ ಸಪ್ಲೈ ಆಫೀಸ್ರ್, ಕುಂದಾಪ್ರದಲ್ಲ್ ನಾನ್ ಕಂಡಿದ್ದೆ!" ಎಂದು ಪಿಸುಗುಟ್ಟಿ ಮಂಜಯ್ಯ ಮರದ ಮರೆಗೆ ಸರಿದರು. ಅದೇ ಹೊತ್ತಿಗೆ ಗಾಳಿ ಬೀಸಿ ಸೀರೆಯೂ ಜಾರಿತು. ಆಫೀಸರು ಏನೋ ಹೇಳಲು ಬಾಯಿ ತೆರೆದರು. ಕೃಷ್ಣಯ್ಯ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಸಾರ್, ಇದು ಬಾವಿ ಕೆಲಸವೇ ಸಾರ್!"

"ಬಾವಿಯೇ? ನಾನು ನಾಯಿ ಅಂದುಕೊಂಡೆ."

"ಸಿಂಹ ಸಾರ್. ಬಾಯಿಯಿಂದ ಬಾವಿಯ ನೀರು ಬರುತ್ತದೆ. ದಾರಿಯಲ್ಲಿ ಹೋಗುವವರಿಗೆಲ್ಲ ಕುಡಿಯಲು ಸಾರ್. ಅದಕ್ಕೇ ಪರ್ಮಿಟ್ಟು ತೆಗೆದದ್ದು."

"ಹಾಗೋ! ಎಲ್ಲಿ, ಬರಲಿ ನೋಡೋಣ."

ಕೃಷ್ಣಯ್ಯನವರ ಬಾಯಿಯೇ ಒಣಗಿತು. ಪುಣ್ಯಕ್ಕೆ ಶೀನ ಮೇಸ್ತ್ರಿ ಬೊಂಬಾಯಿ ಕಂಡವನು. ಮೆಲ್ಲಗೆ ಹಿಂದೆ ಸರಿದು, ಬಾಲದ ಬುಡದಲ್ಲಿ ಉಳಿಯಿಂದ ಒಂದೇಟು ಕೊಟ್ಟು ಕೊಳವೆಯ ಬಾಯಿ ಬಿಡಿಸಿ, "ಅಮ್ಮಾ, ನೀರ್!" ಎಂದ. ಸುಗಂಧಿ ಕೊಡಪಾನ ತಂದು ಸುರಿದಳು. ಸಿಂಹದ ಹೊಟ್ಟೆ ಗುಡುಗುಡು ಎಂದಿತೇ ಹೊರತು ಬಾಯಿಯಿಂದ ಹನಿಯೂ ಬೀಳಲಿಲ್ಲ. ಇನ್ನೊಂದು ಕೊಡ ಸುರಿದಳು.

"ಈಗ ಬರುತ್ತದೆ ಸಾರ್. ಹೊಸತಲ್ಲವೇ, ಸ್ವಲ್ಪ ನಾಚಿಕೆ," ಎನ್ನುತ್ತ ಕೃಷ್ಣಯ್ಯ ಸಿಂಹದ ಬೆನ್ನು ಸವರಿದರು. ಮನಸ್ಸಿನಲ್ಲಿ ಇದ್ದಬದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡರು.

ಸಿಂಹ ಒಮ್ಮೆ ಬಿಕ್ಕಳಿಸಿ ಮರಳು ಉಗುಳಿತು. ಅದರ ಹಿಂದೆಯೇ ನೀರು ಧಾರೆಯಾಗಿ ಬಂತು. ಆಫೀಸರು ಹ್ಯಾಟು ತೆಗೆದು, ಮುಖ ತೊಳೆದು, ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದರು.

"ಅಬ್ಬಾ, ಜೀವ ಬಂತು! ಬಸ್ಸು ಬಿಸಿಯಾಗಿ ನಿಂತಿತು. ಒಂದು ಲೋಟ ನೀರು ಕೇಳೋಣವೆಂದು ಬಂದೆ, ಅಷ್ಟೆ. ರಜೆಯ ದಿನ ಯಾರ ಪರ್ಮಿಟ್ಟನ್ನೂ ನಾನು ಕೇಳುವುದಿಲ್ಲ."

ಕೃಷ್ಣಯ್ಯನವರಿಗೆ ತಮ್ಮ ಬಾಯಿಗೆ ತಾವೇ ಬಡಿದುಕೊಳ್ಳುವಂತಾಯಿತು. ಒಂದು ಗಳಿಗೆ ಸುಮ್ಮನಿದ್ದಿದ್ದರೆ ಒಂದು ಲೋಟದಲ್ಲಿ ಮುಗಿಯುತ್ತಿತ್ತು. ಹೋಗಲಿ, ನೌಕರಿ ಉಳಿಯಿತಲ್ಲ ಎಂದು ಉಸಿರು ಬಿಟ್ಟರು.

ಆಫೀಸರು ಹ್ಯಾಟು ಹಾಕಿಕೊಂಡು ಡ್ರೈವರನ್ನು ಕರೆದರು. "ಬಸ್ಸಿಗೂ ಇಲ್ಲೇ ನೀರು ಹಿಡಿಯಪ್ಪ. ಇನ್ನು ಎಲ್ಲ ಬಸ್ಸುಗಳಿಗೂ ಇಲ್ಲೇ ನಿಲ್ಲಲು ಹೇಳು." ಆಮೇಲೆ ಕೃಷ್ಣಯ್ಯನವರ ಕಡೆ ತಿರುಗಿ ನಕ್ಕರು. "ಈ ಕಾಲದಲ್ಲಿ ದಾರಿಹೋಕರಿಗಾಗಿ ಸಿಮೆಂಟು ಖರ್ಚು ಮಾಡಿದವರನ್ನು ಈಗಲೇ ನೋಡಿದ್ದು. ನಾನು ಈ ಕಡೆ ಬರುತ್ತಲೇ ಇರುತ್ತೇನೆ. ನೀರು ನಿಲ್ಲದಂತೆ ನೋಡಿಕೊಳ್ಳಿ. ನಿಂತಿತೋ, ಇದು ಬರೀ ಸಿಂಹವೇ ಇರಬೇಕು ಎಂದು ನನಗೆ ಸಂಶಯ ಬರುತ್ತದೆ."

"ನಿಲ್ಲುವುದಿಲ್ಲ ಸಾರ್," ಎಂದರು ಕೃಷ್ಣಯ್ಯ, ಕೈ ಮುಗಿದುಕೊಂಡೇ.

ಬಸ್ಸಿನವರೆಲ್ಲ ತಂಬಿಗೆ ಹಿಡಿದು ಇಳಿದರು. ಮಂಜಯ್ಯ ಮರದ ಮರೆಯಿಂದ ಹೊರಬಂದು ತಮ್ಮ ಮನೆಯ ಕೊಡಪಾನಗಳನ್ನೂ ಸಾಲಿನಲ್ಲಿಟ್ಟರು. ಶೀನ ಮೇಸ್ತ್ರಿ, "ಇನ್ನೊಂದ್ ಸಿಂಹ ಬೇಕಾರೆ ಹೇಳಿ ಅಯ್ಯ," ಎಂದು ಕರಣೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಸುಗಂಧಿ ಕೈ ಸೋತು ಕೊಡವನ್ನು ಗಂಡನ ಕೈಗೆ ಕೊಟ್ಟು ಒಳಗೆ ನಡೆದಳು. ಕೋರ್ಟು ಗುಮಾಸ್ತರು ಪಂಚೆ ಎತ್ತಿಕಟ್ಟಿ ಬಾವಿಯಿಂದ ನೀರು ಸೇದಿ ಸೇದಿ ತಂದು ಸಿಂಹದ ಹಿಂದಿನಿಂದ ಸುರಿಯತೊಡಗಿದರು. ಎದುರಿಗೆ ನಿಂತವರು ಸಿಂಹವನ್ನು ಹೊಗಳುತ್ತಿದ್ದರು. ಹೊಗಳಿಕೆಯೆಲ್ಲ ಕಿವಿಗೆ ಬೀಳುತ್ತಿತ್ತು, ಆದರೆ ಸಿಂಹ ಯಾರದೆಂದು ಒಬ್ಬರೂ ಕೇಳಲಿಲ್ಲ.

ಆ ಬಸ್ಸು ಹೊರಡುವ ಮೊದಲೇ ಉಡುಪಿಯ ಕಡೆಯಿಂದ ಇನ್ನೊಂದು ಬಂದು ನಿಂತಿತು. ಅದರಿಂದ ಇಳಿದವನೊಬ್ಬ ಸಿಂಹದ ಬಾಯಿಗೆ ತಂಬಿಗೆ ಹಿಡಿದು ಕೂಗಿದ:

"ಹ್ವಾಯ್, ಬಾಲದ ಬದಿಗಿಪ್ಪವ್ರೇ! ನೀರ್ ಸಣ್ಣ ಆಯ್ತ್, ಒಂಚೂರ್ ಬೇಗ ಹೊಯ್ನಿ!"