ರೆಕಾರ್ಡ್ ಅಂಗಡಿಯ ದೆವ್ವಗಳು

ಸಿಡ್ನಿಗೆ ಬಂದ ಹೊಸದರಲ್ಲಿ ಪೆಂಡಲ್ ಹಿಲ್ ಹತ್ತಿರ ಒಂದು ಹಳೇ ರೆಕಾರ್ಡ್ ಅಂಗಡಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಓನರ್ ಇಂಗ್ಲೆಂಡಿನ ಮುದುಕರು, ಅಲ್ಲಿನ ರಾಕ್ ಬ್ಯಾಂಡುಗಳು ಮೇಲೆದ್ದ ಕಾಲವನ್ನು ಕಣ್ಣಾರೆ ಕಂಡವರು. ಸರಕೆಲ್ಲ ಬಹುಪಾಲು ಸತ್ತವರ ಮನೆಯದು. ಅಂಥ ಕಡೆ ಏನಾದರೂ ಒಂದು ಆಗದೆ ಇರುತ್ತದೆಯೇ?

ತಿರುಗುಮುರುಗು

ಒಂದು ಹೆವಿ ಮೆಟಲ್ ರೆಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನ ಮಾತಾಡುತ್ತಾನೆ ಅಂತ ಓನರ್ ನಂಬಿದ್ದರು. ಒಂದು ಮಧ್ಯಾಹ್ನ ಬಾಗಿಲು ಹಾಕಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ಗೊರಗೊರ ಸದ್ದಿನ ನಡುವೆ ಸ್ಪಷ್ಟವಾಗಿ ತುಳು ಕೇಳಿಸಿತು. ನನ್ನ ಮೈಯೆಲ್ಲ ಮುಳ್ಳೆದ್ದಿತು.

"ಏನಂದ?" ಅಂತ ಪಿಸುಗುಟ್ಟಿದರು.

"ನಮ್ಮ ಭಾಷೆ ಸರ್. 'ಊಟ ಆಯ್ತಾ' ಅಂತ ಕೇಳ್ದ."

ಅವರ ಮುಖ ಬಿಳಿಚಿಕೊಂಡಿತು. "ಯಾರನ್ನ?"

ಸಾರು

ಅತ್ತೆ ಉಡುಪಿಯಿಂದ ಬಂದಿದ್ದಾಗ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಅಂಗಡಿಗೆ ತಂದುಕೊಟ್ಟರು. ಅಷ್ಟರಲ್ಲಿ ಕರೆಂಟ್ ಹೋಯಿತು. ಗಾತ್ ರಾಕ್ ರೆಕಾರ್ಡ್ ಇಟ್ಟ ಮೂಲೆಯಲ್ಲಿ ಒಂದು ಬಿಳೀ ಮುಖ ಮಾತ್ರ ತೇಲುತ್ತಿತ್ತು. ಕೆಳಗೆ ಮೈಯೇ ಇಲ್ಲ!

ನಾನು ಕೌಂಟರ್ ಹಿಂದೆ ಕೂತುಬಿಟ್ಟೆ. ಅತ್ತೆ ಹತ್ತಿರ ಹೋಗಿ ನೋಡಿದರು: ಗಾತ್ ಸಂಗೀತದವರ ಹಾಗೆ ಮುಖಕ್ಕೆ ಬಿಳೀ ಪೌಡರ್ ಬಳಿದು, ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟ ಗಿರಾಕಿ ಹುಡುಗಿ.

"ಪಾಪ, ರಕ್ತವೇ ಇಲ್ಲ ಮಾರಾಯ್ತಿ ಇದಕ್ಕೆ," ಅಂತ ಒಂದು ಲೋಟ ಸಾರು ಕುಡಿಸಿದರು. ಖಾರಕ್ಕೆ ಹುಡುಗಿಯ ಕಣ್ಣಿಂದ ಕಾಡಿಗೆ ಕರಗಿ, ಕರೀ ನೀರು ಗಲ್ಲದ ಮೇಲೆ ಇಳಿಯಿತು. ಆಗ ಚೀರಿದ್ದು ಅತ್ತೆ.

ಹುಡುಗಿ ಲೋಟ ಚಾಚಿದಳು. "ಮೋರ್, ಆಂಟಿ?"

ಮೆಲ್ಬರ್ನ್ ಮನೆ

ಮೆಲ್ಬರ್ನ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. "ಹಸ್ಬೆಂಡ್ ಈಸ್ ಗಾನ್. ಬಂದು ರೆಕಾರ್ಡೆಲ್ಲ ತಗೊಂಡು ಹೋಗಿ."

ಹೋದೆವು. ಪರದೆ ಎಳೆದ ಕೋಣೆ. ಗಂಡನ ಕುರ್ಚಿ, ಕನ್ನಡಕ, ಗೋಡೆಯ ಮೇಲಿನ ಫೋಟೋ ಹಾಗೇ ಇದ್ದವು. ಹೆಂಗಸು ಚಹಾ ಮಾಡಲು ಒಳಗೆ ಹೋದರು. ನಾವು ಉಸಿರು ಬಿಗಿಹಿಡಿದು ಡಬ್ಬ ತುಂಬುತ್ತಿದ್ದೆವು. ಹಿಂದಿನಿಂದ ತಣ್ಣನೆಯ ಕೈಯೊಂದು ನನ್ನ ಭುಜದ ಮೇಲೆ ಬಿತ್ತು. ತಿರುಗಿದರೆ, ಗೋಡೆಯ ಫೋಟೋದಲ್ಲಿದ್ದ ಅದೇ ಮುದುಕ! ನಾನು ಕಿರುಚಿದೆ. ಓನರ್ ಅಲ್ಲೇ ಮಂಡಿಯೂರಿ ದೇವರನ್ನು ನೆನೆದರು.

ಅಡುಗೆಮನೆಯಿಂದ ಹೆಂಗಸಿನ ದನಿ ಬಂತು: "ಪರ್ತ್‌ನಿಂದ ಇಷ್ಟು ಬೇಗ ಬಂದ್ರಾ?"

ಮನೆಯ ಯಜಮಾನರು ಡಬ್ಬದೊಳಗೆ ಬಗ್ಗಿ ನೋಡುತ್ತಾ ನಿಂತರು.

"ನಾನು ಸತ್ತೆ ಅಂದ್ಕೊಂಡ್ರಿ, ಪರವಾಗಿಲ್ಲ," ಅಂದರು. "ಆದ್ರೆ ಒಂದಕ್ಕೊಂದು ಆಗದ ಪಂಕನ್ನೂ ಪ್ರೋಗ್ರೆಸಿವ್ ರಾಕನ್ನೂ ಒಂದೇ ಡಬ್ಬಕ್ಕೆ ಹಾಕಿದ ಪಾಪಿ ಯಾರು?"